ಪೈಥಾನ್ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕೊಟ್ರೆ ಒಂದಲ್ಲ ಒಂದು ಎರರ್, ಎರರ್ ಹೋದ್ರೆ ಉತ್ತರ ತಪ್ಪು

ವಿಜಯನಗರ_ಹುಡುಗ

ನಮಸ್ಕಾರ ಎಲ್ರಿಗೂ. ಕಾಲೇಜ್ ಮಿನಿ ಪ್ರಾಜೆಕ್ಟ್‌ಗೆ ಬೆಂಗಳೂರು ಆಟೋ ಮೀಟರ್ ದರ ಲೆಕ್ಕ ಹಾಕೋ ಪ್ರೋಗ್ರಾಮ್ ಬರೀತಿದೀನಿ, 2025 ಆಗಸ್ಟ್ 1ರಿಂದ ಬಂದಿರೋ ಹೊಸ ದರ, ಅಂದ್ರೆ ಮೊದಲ 2 ಕಿಮೀಗೆ 36 ರೂಪಾಯಿ, ಆಮೇಲೆ ಕಿಮೀಗೆ 18, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಲೆಕ್ಕ ಸುಲಭ, ಆದ್ರೆ ಫಂಕ್ಷನ್‌ಗೆ ವ್ಯಾಲ್ಯೂ, ಅಂದ್ರೆ ಆರ್ಗ್ಯುಮೆಂಟ್, ಕಳ್ಸೋ ಹತ್ರ ಒದ್ದಾಡ್ತಿದೀನಿ. ಫೋನಲ್ಲಿ ಟೈಪ್ ಮಾಡ್ತಿರೋದ್ರಿಂದ ಕೋಡೂ ಕನ್ನಡ ಅಕ್ಷರದಲ್ಲೇ ಇದೆ, ಹಾಗೇ ಓದ್ಕೊಳ್ಳಿ.

ಡೆಫ್ ಆಟೋ_ದರ(ಕಿಮೀ, ರಾತ್ರಿ):
　　ದರ = 36
　　ಇಫ್ ಕಿಮೀ > 2:
　　　　ದರ = ದರ + (ಕಿಮೀ - 2) * 18
　　ಇಫ್ ರಾತ್ರಿ:
　　　　ದರ = ದರ * 1.5
　　ರಿಟರ್ನ್ ದರ

ದೂರ = ಇನ್‌ಪುಟ್("ಎಷ್ಟ್ ಕಿಮೀ? ")
ಪ್ರಿಂಟ್(ಆಟೋ_ದರ(ದೂರ))

ರನ್ ಮಾಡಿದ್ರೆ ಹಿಂಗ್ ಬರುತ್ತೆ: ಟೈಪ್‌ಎರರ್: ಆಟೋ_ದರ() ಮಿಸ್ಸಿಂಗ್ 1 ರಿಕ್ವೈರ್ಡ್ ಪೊಸಿಷನಲ್ ಆರ್ಗ್ಯುಮೆಂಟ್: 'ರಾತ್ರಿ'. ದೂರ ಕೊಟ್ಟಿದೀನಲ್ಲ, ಇನ್ನೇನ್ ಬೇಕಂತೆ ಇದಕ್ಕೆ?

ಸುಮ್ನೆ_ಬಂದೆ

ಮೀಟರ್ ಹಾಕೋ ಆಟೋ ಸಿಕ್ರೆ ಮೊದ್ಲು ನಂಗೆ ಹೇಳು ಗುರು, ಕೋಡ್ ಆಮೇಲ್ ನೋಡಣ

ಪದ್ದಕ್ಕ_ಪೈಥಾನ್

ಎರರ್ ಕೊನೇ ಲೈನ್ ಇನ್ನೊಂದ್ ಸಲ ನಿಧಾನಕ್ಕೆ ಓದಪ್ಪ, ಉತ್ತರ ಅದ್ರಲ್ಲೇ ಇದೆ. ಫಂಕ್ಷನ್ ಬರೆಯೋವಾಗ ಎರಡು ಕೇಳಿದೀಯ, ಕರೆಯೋವಾಗ ಒಂದೇ ಕೊಟ್ಟಿದೀಯ, ಯಾವ್ದು ಬಂದಿಲ್ಲ ಅಂತ ಹೆಸರು ಸಮೇತ ಹೇಳ್ತಿದೆ, 'ರಾತ್ರಿ'. ಜಾಸ್ತಿ ಸವಾರಿ ಹಗಲಲ್ಲೇ ಇರುತ್ತೆ ಅಂದ್ರೆ ಡೆಫ್ ಲೈನಲ್ಲೇ ರಾತ್ರಿ=ಫಾಲ್ಸ್ ಅಂತ ಡಿಫಾಲ್ಟ್ ಹಾಕ್ಬಿಡು, ಆಗ ಕೊಡ್ದಿದ್ರೂ ನಡಿಯುತ್ತೆ. ಡಿಫಾಲ್ಟ್ ಇರೋವು ಯಾವಾಗ್ಲೂ ಕೊನೇಲಿ ಬರ್ಬೇಕು, ಡೆಫ್ ಆಟೋ_ದರ(ರಾತ್ರಿ=ಫಾಲ್ಸ್, ಕಿಮೀ) ಅಂತ ಬರೆದ್ರೆ ರನ್ ಆಗೋಕ್ ಮುಂಚೇನೇ ಸಿಂಟ್ಯಾಕ್ಸ್ ಎರರ್ ಬರುತ್ತೆ. ಆ ಎರರ್ ವಾಕ್ಯ ಪೈಥಾನ್ 3.12ರಲ್ಲಿ ಬದಲಾಯ್ತು, ಅದಕ್ಕೇ ಹಳೇ ಉತ್ತರಗಳಲ್ಲಿ ಒಂಥರಾ, ನಿನ್ನ ಸ್ಕ್ರೀನಲ್ಲಿ ಇನ್ನೊಂಥರಾ ಕಾಣ್ಬಹುದು, ಎರಡೂ ಹೇಳೋದು ಒಂದೇ.

ಇದು ಸರಿ ಹೋದ್ಮೇಲೆ ಇನ್ನೊಂದು ಎರರ್ ಕಾಯ್ತಾ ಇದೆ, ಅದು ಏನು ಅಂತ ಈಗ್ಲೇ ಹೇಳಲ್ಲ, ಬರ್ಲಿ :)

ವಿಜಯನಗರ_ಹುಡುಗ

ಬಂತು ಅಕ್ಕ. '>' ನಾಟ್ ಸಪೋರ್ಟೆಡ್ ಬಿಟ್ವೀನ್ ಇನ್‌ಸ್ಟೆನ್ಸಸ್ ಆಫ್ 'ಎಸ್‌ಟಿಆರ್' ಅಂಡ್ 'ಇಂಟ್'. ಇನ್‌ಪುಟ್ ಏನ್ ಕೊಟ್ರೂ ಸ್ಟ್ರಿಂಗೇ, ಅಂದ್ರೆ ಬರೀ ಅಕ್ಷರದ ಸಾಲೇ ಬರುತ್ತಂತೆ, ಇವಾಗ್ ಗೊತ್ತಾಯ್ತು, ದಶಮಾಂಶ ನಂಬರ್ ಆಗ್ಲಿ ಅಂತ ಫ್ಲೋಟ್(ಇನ್‌ಪುಟ್(...)) ಅಂತ ಸುತ್ತಿದೆ. ಸಕತ್ ಅಂದ್ಕೊಂಡೆ. ಆಮೇಲೆ ರಾತ್ರೀನೂ ಯೂಸರ್ ಹತ್ರಾನೇ ಕೇಳಣ ಅಂತ ರಾತ್ರಿನಾ? ಹೌದು/ಇಲ್ಲ ಅಂತ ಇನ್‌ಪುಟ್ ಹಾಕಿದೆ, ಅದ್ನ ನೇರ ಫಂಕ್ಷನ್‌ಗೆ ಕಳ್ಸ್ದೆ. ಈಗ ಎರರ್ ಏನೂ ಇಲ್ಲ, ಆದ್ರೆ 5 ಕಿಮೀ, ರಾತ್ರಿ ಇಲ್ಲ ಅಂತ ಕೊಟ್ರೆ 90 ಬರ್ಬೇಕು, 135.0 ಬರ್ತಿದೆ. ಎಷ್ಟ್ ಸಲ ಹಾಕಿದ್ರೂ 135.

ಸುಮ್ನೆ_ಬಂದೆ

ಪ್ರೋಗ್ರಾಮ್ ಕರೆಕ್ಟಾಗೇ ಇದೆ, ಪಕ್ಕಾ ಆಟೋ ಅಣ್ಣನ ಥರಾನೇ ಕೆಲ್ಸ ಮಾಡ್ತಿದೆ, ಹಗಲಲ್ಲೂ ಒನ್ ಅಂಡ್ ಹಾಫ್

ಪದ್ದಕ್ಕ_ಪೈಥಾನ್

ಹಹ್ಹ. ನೋಡು, ಪೈಥಾನ್‌ಗೆ "ಇಲ್ಲ" ಅನ್ನೋದು ಖಾಲಿ ಅಲ್ಲದ ಒಂದು ಸ್ಟ್ರಿಂಗ್ ಅಷ್ಟೇ, ಖಾಲಿ ಇಲ್ದಿರೋ ಯಾವ್ ಸ್ಟ್ರಿಂಗ್ ಆದ್ರೂ ಇಫ್ ಒಳಗೆ ಹೋದ್ರೆ ನಿಜಾನೇ. "ಇಲ್ಲ" ನಿಜ, "0" ನಿಜ, "ಫಾಲ್ಸ್" ಅಂತ ಕೋಟ್ ಒಳಗೆ ಬರೆದ್ರೆ ಅದೂ ನಿಜ. ಬೂಲ್("ಫಾಲ್ಸ್") ಮಾಡಿ ನೋಡು, ಟ್ರೂ ಬರುತ್ತೆ. ಹಾಗಾಗಿ ಹೋಲಿಕೆ ಹೊರಗೇ ಮುಗಿಸಿ ಉತ್ತರ ಮಾತ್ರ ಒಳಗೆ ಕಳ್ಸು: ಆಟೋ_ದರ(ದೂರ, ರಾತ್ರಿ=(ಉತ್ತರ.ಸ್ಟ್ರಿಪ್() == "ಹೌದು")).

ಒಂದ್ ವಿಷ್ಯ ಗಮನಿಸು. ನಿನ್ನ ಮೊದಲೆರಡು ಎರರ್ ಬಂದಾಗ ಬೇಜಾರಾಯ್ತು, ಆದ್ರೆ ಅವು ನಿಂಗೆ ಉಪಕಾರಾನೇ ಮಾಡಿದ್ವು, ಎಲ್ಲಿ ಏನು ಅಂತ ಕೂಗಿ ಹೇಳಿದ್ವು. ಮೂರನೇದು ಬಾಯೇ ಬಿಡ್ಲಿಲ್ಲ. ಉತ್ತರ 90 ಬರ್ಬೇಕು ಅಂತ ನಿಂಗೆ ಮೊದ್ಲೇ ಗೊತ್ತಿತ್ತು, ಅದಕ್ಕೆ ಸಿಕ್ತು. 7.3 ಕಿಮೀ ಹಾಕಿದ್ರೆ ಸಿಕ್ತಿತ್ತಾ? ಆರ್ಗ್ಯುಮೆಂಟ್ ವಿಷಯದಲ್ಲಿ ಹೆದರ್ಬೇಕಾಗಿರೋದು ಇದಕ್ಕೆ. ಕೂಗೋ ಎರರ್‌ಗೆ ಐದು ನಿಮಿಷ ಸಾಕು.

ಎಲ್ಲಾ_ಅನ್‌ಡಿಫೈನ್ಡ್

ಅಕ್ಕ ಹೇಳಿದ್ದಕ್ಕೆ ಸಾವಿರ ಲೈಕ್. ಜಾವಾಸ್ಕ್ರಿಪ್ಟ್‌ಗೆ ಬನ್ನಿ, ಅಲ್ಲಿ ಕೂಗೋರೇ ಇಲ್ಲ. ಆರ್ಗ್ಯುಮೆಂಟ್ ಕಮ್ಮಿ ಕೊಟ್ರೆ ಅನ್‌ಡಿಫೈನ್ಡ್ ಇಟ್ಕೊಂಡು ಮುಂದೆ ಹೋಗುತ್ತೆ, ಜಾಸ್ತಿ ಕೊಟ್ರೆ ಸುಮ್ನೆ ಎಸೆಯುತ್ತೆ, ಆಮೇಲೆ ಎಲ್ಲೋ ಬಿಲ್ ಸ್ಕ್ರೀನಲ್ಲಿ ₹ ಪಕ್ಕ ಎನ್‌ಎಎನ್ (ಇದು ನಂಬರೇ ಅಲ್ಲ) ಅಂತ ಕಾಣುತ್ತೆ. ಎನ್‌ಎಎನ್ ಕಂಡ್ರೆ ಇನ್ನೂ ಪುಣ್ಯ. ಡಿಫಾಲ್ಟ್ ವ್ಯಾಲ್ಯೂ ಅನ್ನೋದು ಅನ್‌ಡಿಫೈನ್ಡ್ ಬಂದಾಗ ಮಾತ್ರ ಕೆಲ್ಸ ಮಾಡುತ್ತೆ, ನಲ್ (ಬೇಕಂತ್ಲೇ ಖಾಲಿ ಅಂತ ಇಟ್ಟಿದ್ದು) ಬಂದ್ರೆ ಮಾಡಲ್ಲ, ಸರ್ವರ್ ಕಡೆಯಿಂದ ಬರೋ ಜೇಸನ್ ಅನ್ನೋ ಡೇಟಾ ಫಾರ್ಮ್ಯಾಟ್‌ನಲ್ಲಿ ಇರೋದು ನಲ್ಲೇ, ಆ ನಲ್ ಲೆಕ್ಕಕ್ಕೆ ಬಿದ್ರೆ ಸದ್ದಿಲ್ದೆ ಸೊನ್ನೆ ಆಗುತ್ತೆ. ನಲ್ ಕಿಮೀ, ಸೊನ್ನೆ ಕಿಮೀ, ಬಿಲ್ 36 ರೂಪಾಯಿ, ಎಲ್ಲಾ ಚೆಂದ, ಯಾರಿಗೂ ಡೌಟೇ ಬರಲ್ಲ.

ಇನ್ನೊಂದು ಫೇಮಸ್ ಕೇಸ್ ಇದೆ, ಇಂಟರ್‌ವ್ಯೂನಲ್ಲಿ ಕೇಳ್ತಾರೆ. ["10","10","10"].ಮ್ಯಾಪ್(ಪಾರ್ಸ್‌ಇಂಟ್) ಅಂದ್ರೆ ಮೂರು ಹತ್ತು ಬರ್ಬೇಕಲ್ವಾ, ಬರೋದು 10, ಎನ್‌ಎಎನ್, 2. ಯಾಕಂದ್ರೆ ಮ್ಯಾಪ್ ತನಗೆ ಕೊಟ್ಟ ಫಂಕ್ಷನ್‌ಗೆ (ಕಾಲ್‌ಬ್ಯಾಕ್) ವ್ಯಾಲ್ಯೂ ಜೊತೆ ಇಂಡೆಕ್ಸೂ ಕಳ್ಸುತ್ತೆ, ಪಾರ್ಸ್‌ಇಂಟ್ ಎರಡನೇ ಆರ್ಗ್ಯುಮೆಂಟನ್ನ ಬೇಸ್ ಅಂದ್ಕೊಳ್ಳುತ್ತೆ. ಬೇಸ್ 0 ಅಂದ್ರೆ ಕೊಟ್ಟಿಲ್ಲ ಅಂತ ಲೆಕ್ಕ, 10 ಬಂತು. ಬೇಸ್ 1 ಅನ್ನೋದೇ ಇಲ್ಲ, ಎನ್‌ಎಎನ್. ಬೇಸ್ 2ರಲ್ಲಿ "10" ಅಂದ್ರೆ ಎರಡು. ಮಧ್ಯ ಒಂದು ಆರೋ ಫಂಕ್ಷನ್ ಹಾಕಿ ವ್ಯಾಲ್ಯೂ ಮಾತ್ರ ದಾಟಿಸಿದ್ರೆ ಮುಗೀತು. ಬೇರೆಯವ್ರ ಫಂಕ್ಷನ್ನನ್ನ ನೇರ ಕಾಲ್‌ಬ್ಯಾಕ್ ಆಗಿ ಕೊಡೋಕ್ ಮುಂಚೆ ಅದು ಎಷ್ಟು ಆರ್ಗ್ಯುಮೆಂಟ್ ತಗೊಳ್ಳುತ್ತೆ ಅಂತ ಒಂದ್ ಸಲ ನೋಡಿ ಅಷ್ಟೇ.

ಚಿಕ್ಕಪೇಟೆ_ಲೆಕ್ಕ

ನಾನು ಪ್ರೋಗ್ರಾಮರ್ ಅಲ್ಲ, ಬಟ್ಟೆ ಹೋಲ್‌ಸೇಲ್ ಅಂಗಡಿಗಳ ಅಕೌಂಟ್ ನೋಡ್ತೀನಿ. ಆದ್ರೆ ಈ ಸುಮ್ನಿರೋ ತಪ್ಪು ಎಕ್ಸೆಲ್‌ನಲ್ಲೂ ಇದೆ ಸ್ವಾಮಿ. ಪಟ್ಟೀಲಿ ಹುಡುಕಿ ರೇಟು ತರೋ ವಿಲುಕಪ್‌ನಲ್ಲಿ ನಾಲ್ಕನೇ ಆರ್ಗ್ಯುಮೆಂಟ್ ಬಿಟ್ರೆ ಅದು ಟ್ರೂ ಅಂತ ತಗೊಂಡು ಅಂದಾಜಿನ ಮ್ಯಾಚ್ ಮಾಡುತ್ತೆ, ಮೊದಲ ಕಾಲಂ ಏರಿಕೆ ಕ್ರಮದಲ್ಲಿ ಇಲ್ದಿದ್ರೆ ಯಾವ್ದೋ ಐಟಂ ರೇಟು ಇನ್ಯಾವ್ದೋ ಐಟಂಗೆ. ಸೀರೆ ರೇಟು ಲುಂಗಿಗೆ ಬಿದ್ದಿರುತ್ತೆ, ಸೆಲ್‌ನಲ್ಲಿ ನಂಬರ್ ಮಾತ್ರ ನೀಟಾಗಿ ಕೂತಿರುತ್ತೆ. ಹೊಸ ಹುಡುಗರು ಬಂದ್ರೆ ನಾನು ಮೊದ್ಲು ಹೇಳೋದೇ ಕೊನೇಲಿ ಫಾಲ್ಸ್ ಹಾಕು ಅಂತ.

ಪೀಣ್ಯ_ಸಿ_ಪ್ಲಾಂಟ್

ಪೈಥಾನ್, ಜಾವಾಸ್ಕ್ರಿಪ್ಟ್ ಜನ ಪುಣ್ಯವಂತರು ಬಿಡಿ. ನಾವು ಮೋಟಾರ್ ಕಂಟ್ರೋಲರ್ ಬೋರ್ಡ್‌ಗೆ ಸಿ ಬರೆಯೋರು. ಇಲ್ಲಿ ಅರೇನ ಫಂಕ್ಷನ್‌ಗೆ ಕೊಟ್ರೆ ಅರೇ ಹೋಗಲ್ಲ, ಅದರ ಮೊದಲ ಎಲಿಮೆಂಟ್ ವಿಳಾಸ ಹೋಗುತ್ತೆ, ಒಳಗೆ ಸೈಜ್‌ಆಫ್ ಕೇಳಿದ್ರೆ ಪಾಯಿಂಟರ್ ಸೈಜ್ ಬರುತ್ತೆ, 64 ಬಿಟ್ ಲ್ಯಾಪ್‌ಟಾಪಲ್ಲಿ 8, ನಮ್ಮ 32 ಬಿಟ್ ಬೋರ್ಡಲ್ಲಿ 4. ನೂರು ಸ್ಯಾಂಪಲ್ ಸರಾಸರಿ ತೆಗೀಬೇಕಾದ ಲೂಪು ಮೊದಲ ನಾಕೈದು ನೋಡಿ ವಾಪಸ್ ಬರುತ್ತೆ, ಸರಾಸರಿ ಅಂತೂ ಒಂದು ಬಂದಿರುತ್ತೆ! ಅದಕ್ಕೇ ಅರೇ ಜೊತೆ ಉದ್ದಾನೂ ಬೇರೆ ಆರ್ಗ್ಯುಮೆಂಟಾಗಿ ಕಳಿಸ್ಬೇಕು, ಬೇರೆ ದಾರಿ ಇಲ್ಲ.

ಮೆಮೊರೀಲಿ ಒಂದೇ ವ್ಯಾಲ್ಯೂ ತುಂಬೋ ಮೆಮ್‌ಸೆಟ್ ಕಥೆ ಇನ್ನೂ ಚೆಂದ. ಎರಡನೇದು ತುಂಬೋ ವ್ಯಾಲ್ಯೂ, ಮೂರನೇದು ಎಷ್ಟು ಬೈಟ್. ಅದಲು ಬದಲು ಆಗಿ ಸೊನ್ನೆ ಕೊನೇಗೆ ಹೋದ್ರೆ "ಸೊನ್ನೆ ಬೈಟ್ ತುಂಬು" ಅಂತ ಅರ್ಥ, ಅದು ವಿಧೇಯವಾಗಿ ಏನೂ ಮಾಡಲ್ಲ, ಬಫರಲ್ಲಿ ಹಳೇ ಕಸ ಹಾಗೇ. ಜಿಸಿಸಿ ಕಂಪೈಲರ್ ಇದನ್ನ ಹಿಡಿಯುತ್ತೆ, ಆದ್ರೆ ವಾರ್ನಿಂಗ್ ಆನ್ ಇದ್ರೆ. ವಾಲ್, ಎಕ್ಸ್‌ಟ್ರಾ ಎರಡೂ ಫ್ಲ್ಯಾಗ್ ಹಾಕದೆ ಸಿ ಕಂಪೈಲ್ ಮಾಡೋರನ್ನ ನಮ್ಮ ಕಡೆ ಊಟಕ್ಕೂ ಕರೆಯಲ್ಲ.

ಹಳೇ ಕೋಡ್ ಇಟ್ಕೊಂಡಿರೋರಿಗೆ ಒಂದು ಮಾತು: ಡಿಕ್ಲೇರ್ ಮಾಡ್ದೇ ಫಂಕ್ಷನ್ ಕರೆಯೋದು ಸಿ99ರಲ್ಲೇ ಸ್ಟ್ಯಾಂಡರ್ಡಿಂದ ಹೋಗಿತ್ತು, ಆದ್ರೂ ಜಿಸಿಸಿ ವರ್ಷಗಟ್ಟಲೆ ವಾರ್ನಿಂಗ್ ಕೊಟ್ಟು ಬಿಡ್ತಿತ್ತು. 2024ರ ಜಿಸಿಸಿ 14ರಿಂದ ಅದು ನೇರ ಎರರ್. ಕಂಪೈಲರ್ ಅಪ್‌ಡೇಟ್ ಆದ್ಮೇಲೆ ಹಳೇ ಪ್ರಾಜೆಕ್ಟ್ ಬಿಲ್ಡ್ ಆಗ್ತಿಲ್ಲ ಅಂತ ಅಳ್ಬೇಡಿ, ಹೆಡರ್ ಇನ್‌ಕ್ಲೂಡ್ ಮಾಡಿ. ಹಾಗೇ ಖಾಲಿ ಬ್ರಾಕೆಟ್ ಹಾಕಿ ಡಿಕ್ಲೇರ್ ಮಾಡಿದ್ರೆ ಹಳೇ ಸಿನಲ್ಲಿ "ಆರ್ಗ್ಯುಮೆಂಟ್ ಬಗ್ಗೆ ಏನೂ ಹೇಳಿಲ್ಲ" ಅಂತ ಅರ್ಥ, ಏನ್ ಬೇಕಾದ್ರೂ ಕಳಿಸ್ಬಹುದಿತ್ತು, ಸಿ23ರಿಂದ "ಆರ್ಗ್ಯುಮೆಂಟ್ ಇಲ್ಲ" ಅಂತ ಆಗಿದೆ. ತಡವಾಗಿ ಆದ್ರೂ ಬುದ್ಧಿ ಬಂತು.

ವಿಜಯನಗರ_ಹುಡುಗ

ಸಿ ಓದಿ ಭಯ ಆಯ್ತು ಅಣ್ಣ, ಮುಂದಿನ ಸೆಮ್‌ಗೆ ಇಟ್ಕೊತೀನಿ. ಈಗ ನನ್ನದು ಹೊಸ ತೊಂದ್ರೆ. ಒಬ್ಬೊಬ್ಬ ಗಿರಾಕಿಗೂ ಸವಾರಿ ಪಟ್ಟಿ ಇಡೋಣ ಅಂತ ಹಿಂಗ್ ಬರೆದೆ:

ಡೆಫ್ ಸವಾರಿ_ಸೇರ್ಸು(ಸವಾರಿ, ಪಟ್ಟಿ=[]):
　　ಪಟ್ಟಿ.ಅಪೆಂಡ್(ಸವಾರಿ)
　　ರಿಟರ್ನ್ ಪಟ್ಟಿ

ಮೊದಲನೇ ಗಿರಾಕಿಗೆ ಸವಾರಿ_ಸೇರ್ಸು("ಮೆಜೆಸ್ಟಿಕ್"), ಎರಡನೇಯವನಿಗೆ ಸವಾರಿ_ಸೇರ್ಸು("ಜಯನಗರ"). ಎರಡನೇಯವನ ಪಟ್ಟೀಲಿ ಮೆಜೆಸ್ಟಿಕ್ಕೂ ಇದೆ. ದೆವ್ವನಾ ಇದು?

ಪದ್ದಕ್ಕ_ಪೈಥಾನ್

ಬಂತಪ್ಪ, ಎಲ್ರೂ ಒಂದ್ ಸಲ ಬೀಳೋ ಹಳ್ಳ. ಡಿಫಾಲ್ಟ್ ವ್ಯಾಲ್ಯೂ ಪ್ರತಿ ಸಲ ಕರೆದಾಗ ಹೊಸದಾಗಿ ಹುಟ್ಟಲ್ಲ, ಡೆಫ್ ಲೈನು ಓಡೋವಾಗ ಒಂದೇ ಸಲ ಹುಟ್ಟುತ್ತೆ, ಆಮೇಲೆ ಫಂಕ್ಷನ್ ಬದುಕಿರೋವರ್ಗೂ ಅದೇ ಲಿಸ್ಟು. ದರ್ಶಿನೀಲಿ ಬೆಳಿಗ್ಗೆ ಇಟ್ಟ ಒಂದೇ ಸಾಂಬಾರ್ ಬಕೆಟ್‌ನಿಂದ ಎಲ್ಲಾ ಟೇಬಲ್‌ಗೂ ಬಡಿಸಿದಂಗೆ, ಯಾರೋ ಅದರೊಳಗೆ ಚಮಚ ಬೀಳಿಸಿದ್ರೆ ಮುಂದಿನವನ ತಟ್ಟೆಗೂ ಅದೇ. ಅನುಮಾನ ಇದ್ರೆ ಫಂಕ್ಷನ್ ಹೆಸರಿನ ಮುಂದೆ ಡಾಟ್, ಎರಡು ಅಂಡರ್‌ಸ್ಕೋರ್ ಡಿಫಾಲ್ಟ್ಸ್ ಎರಡು ಅಂಡರ್‌ಸ್ಕೋರ್ ಹಾಕಿ ಪ್ರಿಂಟ್ ಮಾಡು, ಪ್ರತಿ ಕರೆಗೂ ಲಿಸ್ಟ್ ಬೆಳೀತಾ ಹೋಗೋದು ಕಣ್ಣಾರೆ ಕಾಣುತ್ತೆ.

ಸರಿ ಮಾಡೋದು: ಪಟ್ಟಿ=ನನ್ ಅಂತ ಇಡು, ಖಾಲಿ ಅನ್ನೋಕೆ ಪೈಥಾನಲ್ಲಿರೋ ಆ ವ್ಯಾಲ್ಯೂ, ಒಳಗೆ ಮೊದಲ ಲೈನಲ್ಲಿ ಇಫ್ ಪಟ್ಟಿ ಈಸ್ ನನ್: ಪಟ್ಟಿ = []. ಇಫ್ ನಾಟ್ ಪಟ್ಟಿ ಅಂತ ಬರೀಬೇಡ, ಯಾರಾದ್ರೂ ಬೇಕಂತ್ಲೇ ತಮ್ಮ ಖಾಲಿ ಲಿಸ್ಟ್ ಕೊಟ್ರೆ ಅದನ್ನೂ ಎಸೆದು ಹೊಸದು ಮಾಡ್ಬಿಡುತ್ತೆ. ಇದೇ ರೋಗ ಡಿಕ್ಷನರಿಗೂ ಇದೆ, ಈಗಿನ ಟೈಮ್ ತಗೊಳ್ಳೋ ಡೇಟ್‌ಟೈಮ್.ನೌ() ಡಿಫಾಲ್ಟ್‌ಗೂ ಇದೆ, ಸರ್ವರ್ ಶುರುವಾದ ಹೊತ್ತೇ ದಿನವಿಡೀ ಎಲ್ಲಾ ಬಿಲ್ ಮೇಲೂ ಪ್ರಿಂಟ್ ಆಗ್ತಿರುತ್ತೆ.

ಜಾವಾ_ಜಯನಗರ

ಇದಕ್ಕೇ ನಾನು ಹೇಳೋದು, ಪೈಥಾನ್ ಪಾಸ್ ಬೈ ರೆಫರೆನ್ಸ್ ಭಾಷೆ, ಒಳಗೆ ಬದಲಾಯಿಸಿದ್ರೆ ಹೊರಗೂ ಬದಲಾಗುತ್ತೆ

ಪೀಣ್ಯ_ಸಿ_ಪ್ಲಾಂಟ್

ಅಲ್ಲ ಸ್ವಾಮಿ. ರೆಫರೆನ್ಸ್ ಆಗಿದ್ರೆ ಒಳಗೆ ಪಟ್ಟಿ = [] ಅಂತ ಅಸೈನ್ ಮಾಡಿದ್ರೆ ಹೊರಗಿಂದೂ ಖಾಲಿ ಆಗ್ಬೇಕಿತ್ತು, ಆಗಲ್ಲ. ನಿಮ್ಮ ಜಾವಾನೂ ಹಂಗೇ, ಅಲ್ಲಿ ಎಲ್ಲಾ ಪಾಸ್ ಬೈ ವ್ಯಾಲ್ಯೂನೇ, ಆಬ್ಜೆಕ್ಟ್ ಆದ್ರೆ ಆ ವ್ಯಾಲ್ಯೂನೇ ಒಂದು ರೆಫರೆನ್ಸ್. ಅದಕ್ಕೇ ಜಾವಾದಲ್ಲಿ ಎರಡು ವೇರಿಯಬಲ್ ಅದಲು ಬದಲು ಮಾಡೋ ಸ್ವಾಪ್ ಫಂಕ್ಷನ್ ಬರೆಯೋಕ್ ಆಗಲ್ಲ, ಬರೆದು ತೋರಿಸಿ ನೋಡಣ.

ಜಾವಾ_ಜಯನಗರ

ಸ್ವಾಪ್ ವಿಷ್ಯ ಒಪ್ಕೊತೀನಿ, ಹೆಸರಿಗೋಸ್ಕರ ಜಗಳ ಬೇಡ. ಹೊಸಬರಿಗೆ ಹೇಳ್ಬೇಕಾಗಿರೋದು ಇಷ್ಟೇ, ಒಳಗೆ ಅಪೆಂಡ್ ಮಾಡಿದ್ರೆ ಹೊರಗೆ ಕಾಣುತ್ತೆ, ಒಳಗೆ = ಹಾಕಿ ಹೊಸದು ಕಟ್ಟಿದ್ರೆ ಕಾಣಲ್ಲ.

ಪದ್ದಕ್ಕ_ಪೈಥಾನ್

ಪೈಥಾನಲ್ಲಿ ಮಧ್ಯದ್ದೊಂದಿದೆ, ಅದನ್ನ ಮರೀಬೇಡಿ. ಪಟ್ಟಿ = ಪಟ್ಟಿ + [ಹೊಸದು] ಅಂದ್ರೆ ಹೊಸ ಲಿಸ್ಟು, ಹೊರಗಿನದು ಸೇಫ್. ಪಟ್ಟಿ += [ಹೊಸದು] ಅಂದ್ರೆ ಅದೇ ಲಿಸ್ಟು ಬೆಳೆಯುತ್ತೆ, ಹೊರಗೂ ಕಾಣುತ್ತೆ. ನೋಡೋಕೆ ಎರಡೂ ಒಂದೇ ಥರ. ರಿವ್ಯೂನಲ್ಲಿ ಮೊದಲನೇದನ್ನ "ಚಿಕ್ಕದು ಮಾಡು" ಅಂತ ಯಾರಾದ್ರೂ ಕಾಮೆಂಟ್ ಹಾಕಿದ್ರೆ ಹುಷಾರು.

ವಿಜಯನಗರ_ಹುಡುಗ

ಸರಿ ಹೋಯ್ತು ಅಕ್ಕ. ಇವತ್ತು ಎಸ್‌ಕ್ಯೂಲೈಟ್ ಡೇಟಾಬೇಸ್ ಸೇರಿಸಿದೆ, ಗಾಡಿ ನಂಬರ್ ಕೊಟ್ರೆ ಡ್ರೈವರ್ ವಿವರ ತೆಗೆಯೋದು. ಎಕ್ಸಿಕ್ಯೂಟ್(ಕ್ವೆರಿ, (ಗಾಡಿ_ನಂಬರ್)) ಅಂದ್ರೆ "ಸ್ಟೇಟ್‌ಮೆಂಟ್‌ಗೆ 1 ಬೇಕು, 10 ಸಪ್ಲೈ ಆಗಿದೆ" ಅಂತ ಬೈತಿದೆ. ನಾನು ಕೊಟ್ಟಿರೋದು ಒಂದೇ ಒಂದು.

ಎಲ್ಲಾ_ಅನ್‌ಡಿಫೈನ್ಡ್

ಗಾಡಿ ನಂಬರಲ್ಲಿ ಎಷ್ಟ್ ಅಕ್ಷರ ಇದೆ ಎಣಿಸು ಮಗಾ

ವಿಜಯನಗರ_ಹುಡುಗ

ಹತ್ತು!!! ಥೂ

ಪದ್ದಕ್ಕ_ಪೈಥಾನ್

ಹಾಂ, ಬ್ರಾಕೆಟ್ ಹಾಕಿದ್ರೆ ಟ್ಯೂಪಲ್ (ಬದಲಾಗದ ಪಟ್ಟಿ) ಆಗಲ್ಲ, ಕಾಮಾ ಹಾಕಿದ್ರೆ ಆಗುತ್ತೆ. (ಗಾಡಿ_ನಂಬರ್,) ಅಂತ ಬರಿ. ಸ್ಟ್ರಿಂಗೂ ಒಂದು ಸೀಕ್ವೆನ್ಸೇ ಆಗಿರೋದ್ರಿಂದ ಒಂದೊಂದು ಅಕ್ಷರಾನೂ ಒಂದೊಂದು ಆರ್ಗ್ಯುಮೆಂಟ್ ಅಂತ ಬಿಡಿಸ್ಕೊಂಡಿದೆ. ಜೊತೆಜೊತೇಲಿ ಕೆಲ್ಸ ಓಡ್ಸೋಕೆ ಥ್ರೆಡ್ ಮಾಡೋವಾಗಲೂ ಇದೇ ಕಥೆ, ಆರ್ಗ್ಸ್=(5) ಅಂತ ಕೊಟ್ರೆ ಎರರ್, (5,) ಬೇಕು.

ಥ್ರೆಡ್ ಅಂದಾಗ ನೆನಪಾಯ್ತು. ಟಾರ್ಗೆಟ್=ಲೆಕ್ಕ_ಹಾಕು() ಅಂತ ಬ್ರಾಕೆಟ್ ಸಮೇತ ಕೊಡೋರು ಬಹಳ ಜನ. ಬ್ರಾಕೆಟ್ ಹಾಕಿದ ತಕ್ಷಣ ಫಂಕ್ಷನ್ ಅಲ್ಲೇ ಓಡಿ ಮುಗಿಯುತ್ತೆ, ಅದು ಏನು ರಿಟರ್ನ್ ಮಾಡ್ತೋ ಅದು ಥ್ರೆಡ್‌ಗೆ ಹೋಗುತ್ತೆ, ಫಂಕ್ಷನ್ ಹೋಗಲ್ಲ. ವಿಂಡೋ ಮಾಡೋ ಟಿಕಿಂಟರ್‌ನ ಬಟನ್‌ಗೆ ಕಮಾಂಡ್=ದರ_ತೋರ್ಸು(5) ಅಂತ ಕೊಟ್ರೆ ವಿಂಡೋ ತೆರೆಯೋಕ್ ಮುಂಚೇನೇ ದರ ಪ್ರಿಂಟ್ ಆಗಿ, ಆಮೇಲೆ ಬಟನ್ ಎಷ್ಟ್ ಒತ್ತಿದ್ರೂ ಸತ್ತಿರುತ್ತೆ. ಲ್ಯಾಂಬ್ಡಾ, ಅಂದ್ರೆ ಹೆಸರಿಲ್ಲದ ಪುಟ್ಟ ಫಂಕ್ಷನ್ ಒಳಗೆ ಸುತ್ತಿ ಕೊಡ್ಬೇಕು. ಲೂಪಲ್ಲಿ ಹತ್ತು ಬಟನ್ ಮಾಡ್ತಿದ್ರೆ ಲ್ಯಾಂಬ್ಡಾ ಕಿಮೀ=ಕಿಮೀ: ದರ_ತೋರ್ಸು(ಕಿಮೀ), ಇಲ್ದಿದ್ರೆ ಎಲ್ಲಾ ಬಟನ್ನೂ ಕೊನೇ ಕಿಮೀನೇ ತೋರ್ಸುತ್ತೆ. ತಮಾಷೆ ಏನಂದ್ರೆ ಮೇಲೆ ಲಿಸ್ಟಲ್ಲಿ ಕಾಟ ಕೊಟ್ಟ ಅದೇ "ಡಿಫಾಲ್ಟ್ ಒಂದೇ ಸಲ ಹುಟ್ಟುತ್ತೆ" ಅನ್ನೋ ಗುಣ ಇಲ್ಲಿ ನಮ್ಮನ್ನ ಕಾಪಾಡುತ್ತೆ.

ಮ್ಯಾಪ್_ಮಲ್ಲಿ

ಸುಮ್ನಿರೋ ತಪ್ಪಿನ ಬಗ್ಗೆ ಮಾತಾಡ್ತಿರೋದ್ರಿಂದ ನಾನೂ ಒಂದು ಹಾಕ್ತೀನಿ, ಸ್ವಲ್ಪ ಉದ್ದ ಇದೆ. ನಾನು ಮುಂಚೆ ಇದ್ದ ಒಂದು ಡೆಲಿವರಿ ಕಂಪನೀಲಿ ಪಿನ್ ಹಾಕೋ ಫಂಕ್ಷನ್ ಒಂದಿತ್ತು, ಎರಡು ನಂಬರ್ ತಗೊಳ್ಳುತ್ತೆ. ಬೆಂಗಳೂರು ಅಂದ್ರೆ ಸುಮಾರು 12.97 ಉತ್ತರ, 77.59 ಪೂರ್ವ. ಗೂಗಲ್ ಮ್ಯಾಪ್ಸ್, ಲೀಫ್‌ಲೆಟ್ ಇವೆಲ್ಲ ಅಕ್ಷಾಂಶ ಮೊದಲು ಕೇಳ್ತವೆ. ಮ್ಯಾಪ್ ಡೇಟಾ ಇಡೋ ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅದರ 2016ರ ಸ್ಟ್ಯಾಂಡರ್ಡ್ ಆರ್‌ಎಫ್‌ಸಿ 7946ರಲ್ಲಿ ಹಂಗೇ ಬರೆದಿದೆ, ಮ್ಯಾಪ್‌ಬಾಕ್ಸೂ ಹಂಗೇ. ಇಲ್ಲಿಂದ ಅಲ್ಲಿಗೆ ಡೇಟಾ ದಾಟಿಸೋವಾಗ ಅದಲು ಬದಲಾಯ್ತು ಅಂದ್ರೆ ನಿಮ್ಮ ಜಯನಗರದ ಗಿರಾಕಿ 77.59 ಉತ್ತರ, 12.97 ಪೂರ್ವಕ್ಕೆ ಹೋಗ್ತಾನೆ. ಮ್ಯಾಪಲ್ಲಿ ಹಾಕಿ ನೋಡಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ರ ಆರ್ಕ್ಟಿಕ್ ಸಮುದ್ರ.

ಎಲ್ರೂ ಹೇಳೋದು ವ್ಯಾಲಿಡೇಷನ್ ಹಾಕಿ, ಅಕ್ಷಾಂಶ 90 ದಾಟ್ಬಾರ್ದು ಅಂತ ಚೆಕ್ ಮಾಡಿ ಅಂತ. ಹಾಕಿದ್ರು. ಹಿಡೀಲಿಲ್ಲ. 77.59 ಅನ್ನೋದು 90ಕ್ಕಿಂತ ಕಮ್ಮೀನೇ ಅಲ್ವಾ! ಟೋಕಿಯೋದಲ್ಲಿ ಕೂತು ಬರೆದ ಟೆಸ್ಟ್ ಆದ್ರೆ ರೇಖಾಂಶ 139, ಸಿಕ್ಕಿಬೀಳುತ್ತೆ. ಗುವಾಹಟಿ ಆದ್ರೂ 91 ದಾಟುತ್ತೆ, ಸಿಕ್ಕಿಬೀಳುತ್ತೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಚೆನ್ನೈ, ಮುಂಬೈ, ದಿಲ್ಲಿ, ಕೋಲ್ಕತ್ತಾ ಯಾವ್ದೂ ಸಿಕ್ಕಲ್ಲ. ಪ್ರಪಂಚಕ್ಕೆಲ್ಲ ಸರಿ ಇರೋ ಚೆಕ್ಕು ನಮ್ಮೂರಿಗೆ ಸುಳ್ಳು ಧೈರ್ಯ ಕೊಡುತ್ತೆ. ಕರ್ನಾಟಕಕ್ಕೆ ಮಾತ್ರ ಸರ್ವೀಸ್ ಇದ್ರೆ ಅಕ್ಷಾಂಶ ಸುಮಾರು 11.5ರಿಂದ 18.5, ರೇಖಾಂಶ 74ರಿಂದ 78.5 ಅಂತ ಬಿಗಿಯಾದ ಚೌಕಟ್ಟು ಹಾಕ್ಬೇಕು, ಆಗ ಅದಲು ಬದಲು ಆದ ತಕ್ಷಣ ಒದರುತ್ತೆ. ಅದಕ್ಕೆ ಷರತ್ತು ಚೆಕ್ ಮಾಡೋ ಅಸರ್ಟ್ ಹಾಕ್ಬೇಡಿ, ಪೈಥಾನನ್ನ ಆಪ್ಟಿಮೈಜ್ ಫ್ಲ್ಯಾಗ್ ಹಾಕಿ ಓಡ್ಸಿದ್ರೆ ಅಸರ್ಟ್‌ಗಳೆಲ್ಲ ಮಾಯ, ಇಫ್ ಬರೆದು ವ್ಯಾಲ್ಯೂಎರರ್ ರೈಸ್ ಮಾಡಿ.

ಬರೀ ಫ್ಲೋಟ್ ಅಂತ ಟೈಪ್ ಹಾಕಿದ್ರೆ ಇದಕ್ಕೆ ಸಹಾಯ ಇಲ್ಲ, ಎರಡೂ ಫ್ಲೋಟೇ. ಟೈಪ್ ಚೆಕ್ ಮಾಡೋ ಟೈಪ್‌ಸ್ಕ್ರಿಪ್ಟ್ ಆಗ್ಲಿ ಮೈಪೈ ಆಗ್ಲಿ ಎರಡು ಫ್ಲೋಟ್‌ನಲ್ಲಿ ಯಾವ್ದು ಯಾವ್ದು ಅಂತ ಹೇಗ್ ಹೇಳ್ತವೆ.

ಪದ್ದಕ್ಕ_ಪೈಥಾನ್

ಗುವಾಹಟಿ ಪಾಯಿಂಟ್ ಸೂಪರ್ ಮಲ್ಲಿ, ನಾನೇ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ.

ಪೈಥಾನಲ್ಲಿ ಇದಕ್ಕೆ ಒಂದು ನಕ್ಷತ್ರದ ಮದ್ದಿದೆ. ಡೆಫ್ ಪಿನ್_ಹಾಕು(*, ಅಕ್ಷಾಂಶ, ರೇಖಾಂಶ). ಆ ಒಂಟಿ ನಕ್ಷತ್ರ ಆದ್ಮೇಲೆ ಬರೋವನ್ನೆಲ್ಲ ಹೆಸರು ಹೇಳೇ ಕೊಡ್ಬೇಕು. ಯಾರಾದ್ರೂ ಪಿನ್_ಹಾಕು(77.59, 12.97) ಅಂದ್ರೆ "0 ಪೊಸಿಷನಲ್ (ಹೆಸರಿಲ್ದೆ ಬರೀ ಜಾಗದ ಲೆಕ್ಕದಲ್ಲಿ ಕೊಡೋದು) ತಗೊಳ್ತೀನಿ, 2 ಕೊಟ್ಟಿದೀಯ" ಅಂತ ಅಲ್ಲೇ ನಿಲ್ಲಿಸುತ್ತೆ. ಪಿನ್_ಹಾಕು(ರೇಖಾಂಶ=77.59, ಅಕ್ಷಾಂಶ=12.97) ಅಂತ ಉಲ್ಟಾ ಬರೆದ್ರೂ ಸರಿಯಾಗೇ ಹೋಗುತ್ತೆ. ಇದು ಹೊಸದೇನಲ್ಲ, ಪೈಥಾನ್ ಬದಲಾವಣೆಯ ಪ್ರಸ್ತಾಪ ಪೆಪ್ 3102, 2008ರಲ್ಲಿ ಪೈಥಾನ್ 3.0 ಜೊತೇಲೇ ಬಂದಿದ್ದು. ಆದ್ರೂ ಎಷ್ಟೋ ಕಡೆ ಐದು ಫ್ಲೋಟ್ ಸಾಲಾಗಿ ತಗೊಳ್ಳೋ ಫಂಕ್ಷನ್ ಇನ್ನೂ ಬರೀತಾನೇ ಇದಾರೆ, ಕೇಳಿದ್ರೆ ಟೈಪ್ ಮಾಡೋಕೆ ಜಾಸ್ತಿ ಆಗುತ್ತೆ ಅಂತಾರೆ. ಟೈಪ್ ಮಾಡೋದು ಒಂದ್ ಸಲ ರೀ, ಓದೋದು ನೂರ್ ಸಲ.

ನನ್ನ ಲೆಕ್ಕ ಇಷ್ಟು: ಒಂದೇ ಟೈಪಿನ ಎರಡು ಆರ್ಗ್ಯುಮೆಂಟ್ ಪಕ್ಕಪಕ್ಕ ಬಂದ್ರೆ ನಕ್ಷತ್ರ. ಟ್ರೂ ಫಾಲ್ಸ್ ತಗೊಳ್ಳೋದು ಇದ್ರೆ ಕಣ್ಮುಚ್ಚಿ ನಕ್ಷತ್ರ, ಆಟೋ_ದರ(5, ಟ್ರೂ) ಅಂತ ನೋಡಿದ್ರೆ ಏನು ಟ್ರೂ, ರಾತ್ರಿನಾ, ಲಗೇಜಾ, ಯಾವನಿಗ್ ಗೊತ್ತು. ಹೆಸರಲ್ಲಿ ಅಳತೇನೂ ಇರ್ಲಿ, ಕಾಯೋ ಅಂತ ಬೇಡ, ಕಾಯೋ_ನಿಮಿಷ. ಪೈಥಾನ್ ಸ್ಲೀಪ್‌ಗೆ 5 ಅಂದ್ರೆ ಐದು ಸೆಕೆಂಡು, ಜಾವಾಸ್ಕ್ರಿಪ್ಟ್ ಸೆಟ್‌ಟೈಮ್‌ಔಟ್‌ಗೆ 5 ಅಂದ್ರೆ ಐದು ಮಿಲಿಸೆಕೆಂಡು.

ಎಲ್ಲಾ_ಅನ್‌ಡಿಫೈನ್ಡ್

ಜಾವಾಸ್ಕ್ರಿಪ್ಟಲ್ಲಿ ನಕ್ಷತ್ರ ಇಲ್ಲ, ಆದ್ರೆ ಒಂದೇ ಆಬ್ಜೆಕ್ಟ್ ತಗೊಂಡು ಒಳಗೆ ಬಿಡಿಸ್ಕೊಂಡ್ರೆ ಹೆಚ್ಚುಕಮ್ಮಿ ಅದೇ ಫಲ. ಪಿಎಚ್‌ಪಿಯವ್ರಿಗೂ 2020ರ 8.0ರಿಂದ ಹೆಸರಿಟ್ಟು ಕೊಡೋದು ಬಂತು. ಅವ್ರಿಗೆ ನಿಜವಾಗ್ಲೂ ಬೇಕಿತ್ತು, ಎಸ್‌ಟಿಆರ್‌ಪಾಸ್‌ನಲ್ಲಿ ಎಲ್ಲಿ ಹುಡುಕ್ಬೇಕು ಅನ್ನೋದು ಮೊದಲು, ಇನ್‌ಅರೇನಲ್ಲಿ ಏನು ಹುಡುಕ್ಬೇಕು ಅನ್ನೋದು ಮೊದಲು, ಯಾವ ಪುಣ್ಯಾತ್ಮ ಡಿಸೈನ್ ಮಾಡಿದ್ನೋ

ಜಾವಾ_ಜಯನಗರ

ಜಾವಾದಲ್ಲಿ ಹೆಸರಿಟ್ಟು ಕೊಡೋದು ಇವತ್ತಿಗೂ ಇಲ್ಲ, ಬದಲಿಗೆ ಒಂದೊಂದಾಗಿ ವ್ಯಾಲ್ಯೂ ತುಂಬೋ ಬಿಲ್ಡರ್ ಕ್ಲಾಸ್ ಬರೀತೀವಿ, ನಾಲ್ಕು ಲೈನ್ ಕೆಲ್ಸಕ್ಕೆ ನಲ್ವತ್ತು ಲೈನು. ಯಾರೂ ನಗ್ಬೇಡಿ

ಸುಮ್ನೆ_ಬಂದೆ

ನಕ್ಕಾಯ್ತು

ವಿಜಯನಗರ_ಹುಡುಗ

ನಕ್ಷತ್ರ ಹಾಕಿದೆ ಅಕ್ಕ, ನಾನೇ ಮೂರು ಕಡೆ ಸಿಕ್ಕಿಬಿದ್ದೆ, ಒಳ್ಳೇದೇ ಆಯ್ತು. ಮೀಟರ್ ಅಂತ ಕ್ಲಾಸೂ ಮಾಡಿದೆ, "0 ಪೊಸಿಷನಲ್ ತಗೊಳ್ಳುತ್ತೆ, 1 ಕೊಟ್ಟಿದೀಯ" ಬಂತು, ನಾನೇನೂ ಕೊಡ್ದೇ ಇರೋವಾಗ ಆ ಒಂದು ಎಲ್ಲಿಂದ ಬಂತು ಅಂತ ನೋಡಿದ್ರೆ ಪೈಥಾನ್ ತಾನೇ ಕಳ್ಸೋ ಆ ಆಬ್ಜೆಕ್ಟ್ ತಗೊಳ್ಳೋಕೆ ಸೆಲ್ಫ್ ಬರೆದಿರ್ಲಿಲ್ಲ, ಅದು ನಾನೇ ಕಂಡ್ಹಿಡಿದೆ.

ಆದ್ರೆ ಇದೊಂದು ಬಗೆಹರೀತಿಲ್ಲ. ಡೆಫ್ ಸವಾರಿ(*, ಶುರು, ಕೊನೆ) ಅಂತ ಇದೆ. ಫ್ರೆಂಡ್ ತನ್ನ ಫೋನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಒಂದು ಜೇಸನ್ ಫೈಲ್ ಕಳ್ಸಿದಾನೆ, ಪ್ರತಿ ಸಾಲಲ್ಲೂ "ಶುರು", "ಕೊನೆ". ಸವಾರಿ(**ಸಾಲು) ಅಂದ್ರೆ ಅನ್‌ಎಕ್ಸ್‌ಪೆಕ್ಟೆಡ್ ಕೀವರ್ಡ್ ಆರ್ಗ್ಯುಮೆಂಟ್ 'ಕೊನೆ' ಅಂತಿದೆ. ಹೆಸರು ಅದೇ! ಸ್ಪೇಸ್ ಇಲ್ಲ, ಸ್ಪೆಲ್ಲಿಂಗ್ ತಪ್ಪಿಲ್ಲ, ಕಣ್ಣು ಕೆಂಪಾಗೋವರ್ಗೂ ನೋಡಿದೆ.

ಪದ್ದಕ್ಕ_ಪೈಥಾನ್

ಓಹೋ, ಇದು ನಮ್ಮ ಭಾಷೆಯೋರಿಗೇ ಸಿಗೋ ಬಗ್ಗು. ಲೆನ್ ಹಾಕಿ ಉದ್ದ ನೋಡು, ನಿನ್ನ "ಕೊನೆ" ಎಷ್ಟು, ಅವನ "ಕೊನೆ" ಎಷ್ಟು.

ವಿಜಯನಗರ_ಹುಡುಗ

ನಂದು 4, ಅವನದು 5 😳

ಪದ್ದಕ್ಕ_ಪೈಥಾನ್

ಹಂಗೇ ಇರ್ಬೇಕು ಅಂದ್ಕೊಂಡೆ. ಯೂನಿಕೋಡಲ್ಲಿ ಕೊ ಅನ್ನೋದನ್ನ ಎರಡು ಥರ ಬರೀಬಹುದು. ಕ ಆದ್ಮೇಲೆ ಒ ಮಾತ್ರೆ ಅಂತ ಒಂದೇ ಚಿಹ್ನೆ, 0ಸಿಸಿಎ. ಇಲ್ಲಾಂದ್ರೆ ಕ ಆದ್ಮೇಲೆ ಎ ಮಾತ್ರೆ, ಅದಾದ್ಮೇಲೆ ಊ ಮಾತ್ರೆ, ಎರಡು ಚಿಹ್ನೆ. ಸ್ಕ್ರೀನಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಕಂಪ್ಯೂಟರ್‌ಗೆ ಬೇರೆ ಬೇರೆ. ಪೈಥಾನ್ ಕೋಡ್ ಒಳಗಿರೋ ಹೆಸರುಗಳನ್ನ ಎನ್‌ಎಫ್‌ಕೆಸಿ ಅನ್ನೋ ರೂಪಕ್ಕೆ ತಂದು ಒಂದೇ ಮಾಡ್ಕೊಳ್ಳುತ್ತೆ, ಅದಕ್ಕೆ ನೀನು ಸವಾರಿ(ಕೊನೆ=...) ಅಂತ ಹೆಂಗ್ ಬರೆದ್ರೂ ನಡಿಯುತ್ತೆ. ಆದ್ರೆ ಎರಡು ನಕ್ಷತ್ರ ಹಾಕಿ ಡಿಕ್ಷನರಿ ಬಿಚ್ಚಿ ಕೊಟ್ಟಾಗ ಕೀಗಳು ಬರೀ ಸ್ಟ್ರಿಂಗು, ಅವನ್ನ ಯಾರೂ ಸರಿ ಮಾಡಲ್ಲ. 3.13ರಿಂದ ಕೀವರ್ಡ್ ಹೆಸರು ತಪ್ಪಿದ್ರೆ ಹತ್ತಿರದ ಹೆಸರು ಇದಾ ಅಂತ ಸಲಹೇನೂ ಕೊಡುತ್ತೆ, ನಿಂಗೆ "ಕೊನೆ ಅಂದ್ರೆ ಕೊನೆನಾ?" ಅಂತ ಕೇಳಿದ್ರೆ ಇನ್ನೂ ತಲೆ ಕೆಡ್ತಿತ್ತು.

ಫೈಲ್ ಓದಿದ ತಕ್ಷಣ ಒಂದೇ ಕಡೆ ಸರಿ ಮಾಡ್ಬಿಡು, ಯೂನಿಕೋಡ್‌ಡೇಟಾ ಮಾಡ್ಯೂಲಲ್ಲಿ ನಾರ್ಮಲೈಸ್ ಇದೆ, ಮೊದಲ ಆರ್ಗ್ಯುಮೆಂಟ್ ರೂಪ, ಎರಡನೇದು ಸ್ಟ್ರಿಂಗ್:

ಸಾಲು = {ನಾರ್ಮಲೈಸ್("ಎನ್‌ಎಫ್‌ಕೆಸಿ", ಕೀ): ವ್ಯಾಲ್ಯೂ ಫಾರ್ ಕೀ, ವ್ಯಾಲ್ಯೂ ಇನ್ ಸಾಲು.ಐಟಮ್ಸ್()}

ಮ್ಯಾಪ್_ಮಲ್ಲಿ

ಇದ್ರ ತಮ್ಮ ಇನ್ನೊಬ್ಬ ಇದಾನೆ, ಅರ್ಧಾಕ್ಷರ ಬಿಡಿಸಿ ಬರೆಯೋಕೆ ಕೆಲವು ಕೀಬೋರ್ಡ್ ಮಧ್ಯ ಹಾಕೋ ಕಾಣದ ಜೋಡಿಸದ ಚಿಹ್ನೆ, 200ಸಿ. ಅದು ವೇರಿಯಬಲ್ ಹೆಸರೊಳಗೆ ಸೇರ್ಕೊಂಡ್ರೆ ಪೈಥಾನ್ "ಪ್ರಿಂಟ್ ಆಗದ ಅಕ್ಷರ" ಅಂತ ಸಿಂಟ್ಯಾಕ್ಸ್ ಎರರ್ ಕೊಡುತ್ತೆ, ಅಲ್ಲಾದ್ರೂ ಕೂಗುತ್ತೆ. ಜೇಸನ್ ಕೀ ಒಳಗೆ ಸೇರಿದ್ರೆ ನಾರ್ಮಲೈಸ್ ಮಾಡಿದ್ರೂ ಹೋಗಲ್ಲ, ಬೇರೆ ರಿಪ್ಲೇಸ್ ಮಾಡಿ ತೆಗೀಬೇಕು.

ವಿಜಯನಗರ_ಹುಡುಗ

ಎರಡೂ ಹಾಕಿದೆ, ಪೂರ್ತಿ ಫೈಲ್ ಓಡ್ತು, 5 ಕಿಮೀ ಹಗಲು 90, ರಾತ್ರಿ 135. ಫ್ರೆಂಡ್‌ಗೆ ಯಾವ ಕೀಬೋರ್ಡ್ ಅಂತ ಕೇಳಿದೀನಿ, ಇನ್ನೂ ಬ್ಲೂ ಟಿಕ್ ಬಂದಿಲ್ಲ.

ಪೀಣ್ಯ_ಸಿ_ಪ್ಲಾಂಟ್

1.5 ಕಿಮೀ ಹಾಕಿ ನೋಡಿದ್ಯಾ? ಆಮೇಲೆ ಮೈನಸ್ 3 ಹಾಕು. ಮೈನಸ್‌ಗೂ 36 ಬಂದ್ರೆ ನಿನ್ನ ಫಂಕ್ಷನ್ ಇನ್ನೂ ಸುಮ್ನಿದೆ ಅಂತ ಅರ್ಥ.